ಮಗ್ಗಕ್ಕೂ ಮನೆಮಂದಿಗೂ ಒಂದೇ ಸೂರು: ಬೇಸಿಗೆಯ ರಜೆಗೊಂದು ಅಧ್ಯಯನ



ಪರೀಕ್ಷೆ ಮುಗಿದು ರಜೆ ಬಂತೆಂದರೆ ನಿಮ್ಮಲ್ಲಿ ಕೆಲವರು ಊರಿಗೆ ಹೋಗುತ್ತೀರಿ, ಕೆಲವರು ಕಂಪ್ಯೂಟರ್ ತರಗತಿಗೆ ಸೇರುತ್ತೀರಿ. ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದುತ್ತಿರುವವರು ಯಾವುದಾದರೂ ಕಚೇರಿಯಲ್ಲಿ ತರಬೇತಿಗೆ ಹೋಗುವುದುಂಟು. ಇಂದಿನ ಮಾತಿನಲ್ಲಿ ನಾನು ನಿಮ್ಮ ಮುಂದೆ ಇನ್ನೊಂದು ಬಗೆಯ ಬೇಸಿಗೆಯನ್ನು ಇಡಬೇಕೆಂದಿದ್ದೇನೆ. ನಾಲ್ಕೈದು ವಾರ ಒಂದೇ ಊರಿನಲ್ಲಿ ಉಳಿದು, ಅಲ್ಲಿನ ಜನ ಹೇಗೆ ವಾಸಿಸುತ್ತಾರೆ ಎಂಬುದನ್ನು ಅಳತೆಪಟ್ಟಿ ಹಿಡಿದು ನೋಡಿ, ಕಡಿಮೆ ಖರ್ಚಿನಲ್ಲಿ ಹಲವು ಕುಟುಂಬಗಳು ಕೂಡಿ ಬಾಳಬಹುದಾದ ಮನೆಗಳು ಹೇಗಿರಬೇಕು ಎಂದು ಕಂಡುಕೊಳ್ಳುವ ಬೇಸಿಗೆ ಅದು. ಊರು ಯಾವುದೆಂದರೆ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ.

ಮಹಾಲಿಂಗಪುರವೇ ಏಕೆ? ಬೆಲ್ಲದ ಪೇಟೆಯೆಂದು ಆ ಊರಿನ ಹೆಸರನ್ನು ನೀವು ಕೇಳಿರಬಹುದು. ಸುತ್ತಲೂ ಕಬ್ಬಿನ ಹೊಲಗಳು, ಆಚೆಗೆ ಘಟಪ್ರಭಾ ನದಿ. ಆದರೆ ಓಣಿಯೊಳಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಪಕ್ಕದ ರಬಕವಿ, ಬನಹಟ್ಟಿ, ತೇರದಾಳಗಳಂತೆ ಇದೂ ನೇಕಾರರ ಊರು. ಇಲ್ಲಿ ಮನೆ ಎಂದರೆ ಉಂಡು ಮಲಗುವ ಜಾಗ ಮಾತ್ರವಲ್ಲ, ದುಡಿಯುವ ಜಾಗವೂ ಹೌದು. ಮನೆ ಕೆಟ್ಟರೆ ಉದ್ಯೋಗವೂ ಕೆಟ್ಟಿತು. ಮನೆಯ ವಿನ್ಯಾಸ ಎಷ್ಟು ಗಂಭೀರವಾದ ವಿಷಯ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ?

ಹಲವು ಕುಟುಂಬಗಳು ಗೋಡೆ, ಚಾವಣಿ, ಮೆಟ್ಟಿಲು, ನೀರಿನ ಕೊಳವೆಗಳನ್ನು ಹಂಚಿಕೊಂಡಿರುವ ಕಟ್ಟಡವನ್ನು ಬಹುಕುಟುಂಬ ವಸತಿ ಎನ್ನುತ್ತಾರೆ. ಈ ಮಾತು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಬಂದು ನಿಲ್ಲಬಹುದು. ಸ್ವಲ್ಪ ತಾಳಿ. ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಯನ್ನು ನೋಡಿದ್ದೀರಾ? ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಚಾವಣಿ, ನಡುವೆ ಬೆಳಕಿಂಡಿ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಅಡುಗೆಮನೆ, ಬಚ್ಚಲು. ಅಣ್ಣತಮ್ಮಂದಿರು ಬೇರೆಯಾದಾಗ ಏನಾಗುತ್ತದೆ? ಒಲೆ ಬೇರೆಯಾಗುತ್ತದೆ, ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಮುಂಬಾಗಿಲು ಎರಡಾಗುತ್ತದೆ. ನೀರಿನ ತೊಟ್ಟಿ, ಹಿತ್ತಲು, ಮಾಳಿಗೆ ಎಷ್ಟೋ ಸಲ ಎಲ್ಲರಿಗೂ ಸೇರಿದ್ದಾಗಿಯೇ ಉಳಿಯುತ್ತವೆ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಯಲ್ಲಿ ನಾಲ್ಕೈದು ಕುಟುಂಬಗಳಾಗಿರುತ್ತವೆ. ಯಾವ ಎಂಜಿನಿಯರೂ ನಕ್ಷೆ ಬರೆಯದೆ ಹುಟ್ಟಿದ ಬಹುಕುಟುಂಬ ವಸತಿ ಇದು. ಇದರಲ್ಲಿ ಕಷ್ಟವೂ ಇದೆ, ಜಾಣತನವೂ ಇದೆ. ನಿಮ್ಮ ಅಧ್ಯಯನ ಇಲ್ಲಿಂದಲೇ ಆರಂಭವಾಗಲಿ.

ಈ ಹಳೆಯ ಮನೆಗಳ ಮೇಲೆ ಈಗ ಮೂರು ಕಡೆಯಿಂದ ಒತ್ತಡವಿದೆ. ಮನೆತನ ಬೆಳೆದು ಪಾಲು ಸಣ್ಣದಾಗಿದೆ. ಊರ ಸುತ್ತಲಿನ ಜಾಗದ ಬೆಲೆ ಏರಿದೆ. ಮೂರನೆಯದು ಮಳೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಹೊಸ ಮನೆ ಬೇಕೇಬೇಕು ಎನ್ನುವ ಸ್ಥಿತಿ. ಸರ್ಕಾರದ ಯೋಜನೆಗಳೂ ಇವೆ. 1991-92ರಲ್ಲಿ ಕರ್ನಾಟಕದಲ್ಲಿ ಆಶ್ರಯ ಯೋಜನೆ ಬಂತು, 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಸ್ಥಾಪನೆಯಾಯಿತು, 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಆರಂಭವಾಯಿತು. ಆ ಯೋಜನೆಯ ನಗರ ವಿಭಾಗ ಆರ್ಥಿಕವಾಗಿ ದುರ್ಬಲರ ಮನೆಗೆ 30 ಚದರ ಮೀಟರ್‌ವರೆಗಿನ ಒಳವಿಸ್ತೀರ್ಣವನ್ನು ಗೊತ್ತುಪಡಿಸಿತ್ತು. ಅಂದರೆ ಸುಮಾರು 323 ಚದರ ಅಡಿ. ಒಂದು ಕೋಣೆ, ಒಂದು ಪಡಸಾಲೆ, ಅಡುಗೆಗೆ ಮೂಲೆ, ಬಚ್ಚಲು, ಶೌಚಾಲಯ. ಒಂದರ ಮೇಲೊಂದು ಕಟ್ಟಿದರೆ ಜಾಗ ಉಳಿಯುತ್ತದೆ. ಲೆಕ್ಕ ಸರಿ.

ಆದರೆ ನೇಕಾರರ ಓಣಿಯ ಹಿರಿಯಳೊಬ್ಬಳ ಮುಂದೆ ಆ ನಕ್ಷೆಯನ್ನು ಬಿಡಿಸಿಟ್ಟು ನೋಡಿ. ಅವಳು ಕೇಳುವ ಮೊದಲ ಪ್ರಶ್ನೆ ಇಷ್ಟೇ ಇದ್ದೀತು: “ತಮ್ಮಾ, ಇದರಾಗ ಮಗ್ಗ ಎಲ್ಲಿ ಹೂಡೋದು?”

ಈ ಪ್ರಶ್ನೆಯ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕೈಮಗ್ಗಗಳಲ್ಲಿ ಕುಣಿಮಗ್ಗ ಎಂಬುದೊಂದಿದೆ. ಇಳಕಲ್ಲಿನ ಸೀರೆ ನೇಯುವುದು ಅಂಥ ಮಗ್ಗದಲ್ಲಿಯೇ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನಲ್ಲಿ ನೇಕಾರ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು ತುಳಿಗೋಲುಗಳನ್ನು ಒತ್ತುತ್ತಾನೆ. ಗುಂಡಿಯ ಮಣ್ಣಿನಲ್ಲಿರುವ ತಂಪು ನೂಲಿಗೂ ಬೇಕು, ಏಕೆಂದರೆ ಒಣಹವೆಯಲ್ಲಿ ಹತ್ತಿಯ ಎಳೆ ಬೇಗ ಹರಿಯುತ್ತದೆ. ಈಗ ಹೇಳಿ, ಎರಡನೆಯ ಅಂತಸ್ತಿನ ಕಾಂಕ್ರೀಟ್ ನೆಲದಲ್ಲಿ ಕುಣಿ ಎಲ್ಲಿ ತೋಡುವುದು? ವಿದ್ಯುತ್ ಮಗ್ಗಕ್ಕೆ ಕುಣಿ ಬೇಡ ನಿಜ. ಮಹಾಲಿಂಗಪುರ, ಬನಹಟ್ಟಿಗಳಲ್ಲಿ ಈಗ ಹೆಚ್ಚಾಗಿ ಇರುವುದೂ ಅದೇ. ಆದರೆ ಅದು ಭಾರವಾದ ಯಂತ್ರ. ಲಾಳಿ ಅತ್ತಿಂದಿತ್ತ ಬಡಿಯುವ ಪೆಟ್ಟಿಗೆ ನೆಲ ಅದುರುತ್ತದೆ. ಪಕ್ಕದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕು. ಸಾಧಾರಣ ಮನೆಯ ಭಾರಕ್ಕೆಂದು ಲೆಕ್ಕಹಾಕಿದ ಮೇಲಂತಸ್ತಿನ ಚಾವಣಿಯ ಮೇಲೆ ಅದನ್ನು ಕೂಡಿಸುವುದು ಅಪಾಯಕ್ಕೆ ಆಹ್ವಾನ ಕೊಟ್ಟಂತೆ.

ಮಗ್ಗ ಒಂದೇ ಸಾಲದು. ಕಂಡಿಕೆ ಸುತ್ತಲು ಬೆಳಕಿರುವ ಜಾಗ ಬೇಕು. ಆ ಕೆಲಸ ಬಹುಪಾಲು ಹೆಂಗಸರದು, ಅಡುಗೆಯ ನಡುವೆ, ಮಗುವನ್ನು ನೋಡಿಕೊಳ್ಳುವುದರ ನಡುವೆ ನಡೆಯುವಂಥದು. ಹಿಂದೆ ಹಾಸನ್ನು ಓಣಿಯುದ್ದಕ್ಕೂ ಚಾಚಿ ಗಂಜಿ ಹಚ್ಚುತ್ತಿದ್ದರು. ಅದಕ್ಕಾಗಿ ಓಣಿ ನೇರವಾಗಿ, ಉದ್ದವಾಗಿ ಇರಬೇಕಾಗಿತ್ತು. ಓಣಿಯೂ ಉದ್ಯೋಗದ ಒಂದು ಉಪಕರಣವಾಗಿತ್ತು ಎಂದಾಯಿತು. ಇಂಥ ಸಂಗತಿಗಳು ಯಾವ ಪಠ್ಯಪುಸ್ತಕದ ಕೋಷ್ಟಕದಲ್ಲಿಯೂ ಇರುವುದಿಲ್ಲ, ಹೋಗಿ ನೋಡಬೇಕು.

ಹಾಗೆಂದು ಇದನ್ನು ಯಾರೂ ಯೋಚಿಸಿಯೇ ಇಲ್ಲ ಎಂದರೆ ತಪ್ಪಾದೀತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ನೇಕಾರರಿಗೆ ಮಗ್ಗದ ಕೋಣೆಯೂ ಸೇರಿದ ಮನೆಗಳ ಕಾಲೊನಿಗಳನ್ನು ಕಟ್ಟಿಸಿತು. ಮಹಾಲಿಂಗಪುರ, ಬನಹಟ್ಟಿಗಳಲ್ಲಿಯೂ ಅವುಗಳನ್ನು ಕಾಣಬಹುದು. ಕೇಂದ್ರ ಸರ್ಕಾರವೂ 1980ರ ದಶಕದಲ್ಲಿ ಕೈಮಗ್ಗದವರಿಗಾಗಿ ಮನೆ ಮತ್ತು ಕಾರ್ಯಾಗಾರ ಒಂದಾಗಿರುವ ಯೋಜನೆಯನ್ನು ತಂದಿತು. ನಿಮಗೆ ಇದೊಂದು ಸಿದ್ಧ ಪ್ರಯೋಗಶಾಲೆ. ಮಗ್ಗಕ್ಕೆಂದು ಬಿಟ್ಟ ಕೋಣೆಯಲ್ಲಿ ಈಗಲೂ ಮಗ್ಗವಿದೆಯೇ? ಇಲ್ಲದಿದ್ದರೆ ಅಲ್ಲಿ ಏನಿದೆ? ಮಗನ ಸಂಸಾರವೇ, ಅಂಗಡಿಯೇ, ಬಾಡಿಗೆದಾರರೇ? ಮನೆಯವರು ಯಾವ ಗೋಡೆಯನ್ನು ಒಡೆದರು, ಯಾವುದನ್ನು ಹೊಸದಾಗಿ ಕಟ್ಟಿದರು? ಜನ ಮನೆಯನ್ನು ಬದಲಿಸಿಕೊಂಡ ಬಗೆಯೇ ಆ ವಿನ್ಯಾಸಕ್ಕೆ ಅವರು ಕೊಟ್ಟ ಅಂಕಪಟ್ಟಿ. ಅದನ್ನು ಓದಲು ಕಲಿಯಿರಿ.

ಇಂಥ ಓದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮಧ್ಯಪ್ರದೇಶದ ಇಂದೋರಿನ ಕಥೆ ಹೇಳುತ್ತೇನೆ. 1980ರ ದಶಕದ ಆರಂಭದಲ್ಲಿ ಅಹಮದಾಬಾದಿನ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ವಾಸ್ತುಶಿಲ್ಪ ಪ್ರತಿಷ್ಠಾನ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಕಡಿಮೆ ವೆಚ್ಚದ ವಸತಿ ತಂಡ ಕೂಡಿ ಇಂದೋರಿನ ಕೊಳೆಗೇರಿಗಳನ್ನು ಅಧ್ಯಯನ ಮಾಡಿದವು. ತಾವು ಏನು ಕಟ್ಟಿಕೊಡಬೇಕು ಎಂದು ಅವರು ಮೊದಲು ಕೇಳಲಿಲ್ಲ. ಬಡವರು ತಾವೇ ಏನು ಕಟ್ಟಿಕೊಂಡಿದ್ದಾರೆ ಎಂಬುದನ್ನು ಅಳೆದರು. ಬಾಗಿಲ ಮುಂದಿನ ಜಗಲಿ ಎಷ್ಟು ಅಗಲ, ಮರ ಎಲ್ಲಿದೆ, ಅಂಗಡಿ ಯಾವ ಮೂಲೆಯಲ್ಲಿದೆ, ಹೆಂಗಸರು ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ, ಓಣಿ ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಅಗಲವಾಗುತ್ತದೆ ಎಂಬುದನ್ನೆಲ್ಲ ಚಿತ್ರ ಬರೆದು ದಾಖಲಿಸಿದರು. ಅದರ ಫಲ ಇಂದೋರಿನ ‘ಅರಣ್ಯ’ ಬಡಾವಣೆಯಲ್ಲಿ ಕಂಡಿತು. ಅಲ್ಲಿ ಸುಮಾರು 6,500 ನಿವೇಶನಗಳಿವೆ. ಅತ್ಯಂತ ಬಡವರಿಗೆ ಪೂರ್ತಿ ಮನೆಯನ್ನು ಕೊಡಲಿಲ್ಲ. ಸುಮಾರು 35 ಚದರ ಮೀಟರ್ ನಿವೇಶನ, ತಳಪಾಯ, ಶೌಚಾಲಯ, ನೀರು ಇಷ್ಟನ್ನು ಗಟ್ಟಿಯಾಗಿ ಮಾಡಿಕೊಟ್ಟು, ಉಳಿದುದನ್ನು ಕೈಯಲ್ಲಿ ಹಣ ಬಂದ ಹಾಗೆ ಅವರವರೇ ಕಟ್ಟಿಕೊಳ್ಳಲಿ ಎಂದು ಬಿಟ್ಟರು. ಈ ಯೋಜನೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಲಭಿಸಿತು. ಆ ಗೌರವ ಪಡೆದ ಮೊದಲ ಭಾರತೀಯರು ಅವರು. 2023ರಲ್ಲಿ ತೀರಿಕೊಂಡರು.

ಅಷ್ಟು ದೂರ ಏಕೆ, ನಿಮ್ಮ ಜಿಲ್ಲೆಯಲ್ಲಿಯೇ ಒಂದು ಹೊಸ ಊರು ಹುಟ್ಟಿದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾದಾಗ ಕಟ್ಟಿದ ನವನಗರದ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿ ಪಾಲ್ಗೊಂಡಿದ್ದರು. ಒಂದು ಭಾನುವಾರ ಅಲ್ಲಿಗೂ ಹೋಗಿ ಬನ್ನಿ. ಹಳೆಯ ಊರಿನ ಓಣಿಯನ್ನೂ ಹೊಸ ಊರಿನ ಅಗಲ ರಸ್ತೆಯನ್ನೂ ಮಧ್ಯಾಹ್ನ ಎರಡು ಗಂಟೆಗೆ ನಡೆದು ನೋಡಿದರೆ ನೆರಳು ಎಂದರೇನು ಎಂಬುದು ಚೆನ್ನಾಗಿ ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲ್ ತೆಗೆದುಕೊಳ್ಳಿ. ಮುಂದೆ 5 ಮೀಟರ್ ಅಗಲ, ಒಳಗೆ 6 ಮೀಟರ್ ಉದ್ದ ಇರುವ ಮನೆ ಒಂದು. ಅದರ ವಿಸ್ತೀರ್ಣ 30 ಚದರ ಮೀಟರ್, ಹೊರಗೋಡೆಯ ಉದ್ದ 22 ಮೀಟರ್. ಇಂಥ ನಾಲ್ಕು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದರೆ 88 ಮೀಟರ್ ಗೋಡೆ ಬೇಕು. ಸಾಲಾಗಿ ಒಂದಕ್ಕೊಂದು ಅಂಟಿಸಿ, ನಡುವಿನ ಗೋಡೆಗಳನ್ನು ಹಂಚಿಕೊಂಡರೆ 70 ಮೀಟರ್ ಸಾಕು. ಮುಂದೆ ಎರಡು, ಅವುಗಳ ಬೆನ್ನಿಗೆ ಎರಡು ಎಂದು ಜೋಡಿಸಿದರೆ ಅದು 66 ಮೀಟರಿಗೆ ಇಳಿಯುತ್ತದೆ. ಗುತ್ತಿಗೆದಾರನಿಗೆ ಈ 66 ಬಹಳ ಪ್ರಿಯ. ಆದರೆ ನೋಡಿ, 70ರಿಂದ 66ಕ್ಕೆ ಇಳಿದು ಉಳಿಸಿದ್ದು ಬರೀ ನಾಲ್ಕು ಮೀಟರ್ ಗೋಡೆ. ಕಳೆದುಕೊಂಡದ್ದು ನಾಲ್ಕೂ ಮನೆಗಳ ಹಿಂದಿನ ಕಿಟಕಿ ಮತ್ತು ಹಿತ್ತಲು. ಗಾಳಿ ಮುಂದಿನಿಂದ ಬಂದು ಹಿಂದಕ್ಕೆ ಹಾಯಲು ದಾರಿಯೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯ ಹತ್ತಿರ ಸುಳಿಯುವ ಊರಿನಲ್ಲಿ ನಾಲ್ಕು ಮೀಟರ್ ಗೋಡೆಗಾಗಿ ಗಾಳಿಯನ್ನು ಮಾರುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ಮಗ್ಗದ ಪ್ರಶ್ನೆಗೂ ಇದೇ ಬಗೆಯ ಲೆಕ್ಕ ದಾರಿ ತೋರಿಸೀತು. ಮಗ್ಗಕ್ಕೂ ಅದರ ಸುತ್ತ ಓಡಾಡಲಿಕ್ಕೂ ಹತ್ತಡಿ ಉದ್ದ, ಹತ್ತಡಿ ಅಗಲ ಬೇಕೆಂದು ಇಟ್ಟುಕೊಳ್ಳಿ. ಸರಿಯಾದ ಅಳತೆಯನ್ನು ನೀವೇ ತರಬೇಕು. 323 ಚದರ ಅಡಿಯ ಮನೆಯಲ್ಲಿ ಅದಕ್ಕೇ ಮೂರರಲ್ಲೊಂದು ಪಾಲು ಹೋಯಿತು. ಎರಡು ಕುಟುಂಬಗಳಿಗೆ ಎರಡಂತಸ್ತಿನ ಕಟ್ಟಡ ಕಟ್ಟುವ ರೂಢಿಯ ಕ್ರಮವೆಂದರೆ ಕೆಳಗೊಂದು ಮನೆ, ಮೇಲೊಂದು ಮನೆ. ಆಗ ಮೇಲಿನವರಿಗೆ ನೆಲವಿಲ್ಲ, ಮಗ್ಗವಿಲ್ಲ. ಕೆಳಗಿನವರಿಗೆ ಮಾಳಿಗೆಯಿಲ್ಲ. ಅದೇ ಕಟ್ಟಡವನ್ನು ಅಡ್ಡಡ್ಡ ಕೊಯ್ಯುವ ಬದಲು ಉದ್ದುದ್ದ ಕೊಯ್ದರೆ? ಪ್ರತಿ ಕುಟುಂಬಕ್ಕೂ 3 ಮೀಟರ್ ಅಗಲ, 5 ಮೀಟರ್ ಉದ್ದದ ನೆಲ, ಅಂದರೆ 15 ಚದರ ಮೀಟರ್ ಕೆಳಗೆ, ಅಷ್ಟೇ ಮೇಲೆ. ಕೆಳಗೆ ಮಗ್ಗ ಮತ್ತು ಬಚ್ಚಲು, ಮೇಲೆ ಸಂಸಾರ, ಅದರ ಮೇಲೆ ಸ್ವಂತ ಮಾಳಿಗೆ. ನಿವೇಶನವೂ ಅಷ್ಟೇ, ಚಾವಣಿಯೂ ಅಷ್ಟೇ. ಹೆಚ್ಚಿಗೆ ಬೇಕಾದದ್ದು ಇನ್ನೊಂದು ಮೆಟ್ಟಿಲು ಮತ್ತು ನಡುವಿನ ಒಂದು ಗೋಡೆ.

ಇದು ಪುಕ್ಕಟೆ ಸಿಗುವುದಿಲ್ಲ. ಮೆಟ್ಟಿಲು ಸುಮಾರು 3 ಚದರ ಮೀಟರ್ ಜಾಗ ನುಂಗುತ್ತದೆ. ಮೊಣಕಾಲು ನೋವಿನ ಅಜ್ಜಿ ಎಲ್ಲಿ ಮಲಗಬೇಕು? ಒಲೆ ಕೆಳಗಿರಬೇಕೋ ಮೇಲಿರಬೇಕೋ? ಕೆಳಗೆ ವಿದ್ಯುತ್ ಮಗ್ಗ ಬಡಿಯುತ್ತಿದ್ದರೆ ಮೇಲೆ ಮಗು ಓದುವುದು ಹೇಗೆ? ಎರಡು ಮನೆಗಳ ನಡುವಿನ ಗೋಡೆ ಎಷ್ಟು ದಪ್ಪವಾದರೆ ಪಕ್ಕದ ಮನೆಯವರಿಗೆ ನಿದ್ದೆ ಬಂದೀತು? ಒಂದು ಸಲಹೆ ಹೇಳಬಲ್ಲೆ. ಮಗ್ಗಗಳ ಬುನಾದಿಯನ್ನು ಗೋಡೆಗಳ ಬುನಾದಿಗೆ ತಾಗಿಸದೆ ಬೇರೆಯಾಗಿ ಹಾಕಿದರೆ ಅದುರು ಬಹಳಷ್ಟು ಕಡಿಮೆಯಾಗುತ್ತದೆ. ಉಳಿದವಕ್ಕೆ ಉತ್ತರವನ್ನು ನಾನು ಇಲ್ಲಿ ಕುಳಿತು ಹೇಳಲಾರೆ, ಹೇಳಲೂಬಾರದು. ನಾಲ್ಕು ವಾರ ಅಲ್ಲಿರಿ ಎಂದು ನಿಮಗೆ ಹೇಳುತ್ತಿರುವುದು ಅದಕ್ಕಾಗಿಯೇ.

ಬಿಸಿಯನ್ನೂ ಅಳೆಯಿರಿ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದು. ಒಂದೇ ಬಗೆಯ ಎರಡು ತಾಪಮಾಪಕಗಳನ್ನು ತನ್ನಿ. ಒಂದನ್ನು ಮಣ್ಣಿನ ಮಾಳಿಗೆಯ ಪಡಸಾಲೆಯಲ್ಲಿ, ಇನ್ನೊಂದನ್ನು ಹೊಸ ಕಾಂಕ್ರೀಟ್ ಮನೆಯಲ್ಲಿ, ನೆಲದಿಂದ ಒಂದೇ ಎತ್ತರದಲ್ಲಿ ತೂಗುಹಾಕಿ. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಎರಡೆರಡು ಗಂಟೆಗೊಮ್ಮೆ ಬರೆದಿಟ್ಟು ನಕ್ಷಾಕಾಗದದ ಮೇಲೆ ಗೆರೆ ಎಳೆಯಿರಿ. ಹತ್ತು ಹನ್ನೆರಡು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಬಿಸಿಲನ್ನು ಕೆಲವೇ ಗಂಟೆಗಳಲ್ಲಿ ಒಳಗೆ ದಾಟಿಸುತ್ತದೆ, ಹೊತ್ತು ಮುಳುಗಿದ ಮೇಲೂ ಕಾವು ಉಗುಳುತ್ತಲೇ ಇರುತ್ತದೆ. ದಪ್ಪ ಮಣ್ಣು ಆ ಕಾವನ್ನು ತಡೆದು ನಿಧಾನವಾಗಿ ಬಿಡುತ್ತದೆ. ಎರಡು ಗೆರೆಗಳ ನಡುವಿನ ಅಂತರ ನೋಡಿದಾಗ ಹಿರಿಯರು ಮಾಳಿಗೆಯ ಮನೆಯನ್ನು ಏಕೆ ಹೊಗಳುತ್ತಾರೆ ಎಂಬುದು ನಿಮಗೇ ತಿಳಿಯುತ್ತದೆ. ಆದರೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಆ ಮಾಳಿಗೆಯ ಮೇಲೆ ಕರಲು ಮಣ್ಣು ಹೊತ್ತು ಹಾಕುವ ಕಷ್ಟವನ್ನೂ ಕೇಳಿ. ಹೊಗಳುವವರೆಲ್ಲ ಹೊರುವವರಲ್ಲ.

ಕಟ್ಟುವ ವಸ್ತುವಿನ ಬಗ್ಗೆ ಎರಡು ಮಾತು. ಈ ಭಾಗದ ಎರೆಮಣ್ಣು ಬೆಳೆಗೆ ಬಂಗಾರ, ಬುನಾದಿಗೆ ಶತ್ರು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ಅಡಿಪಾಯ ಹಾಕಿದ ಗೋಡೆಗಳಲ್ಲಿ ಓರೆಯಾದ ಬಿರುಕು ಕಾಣಿಸಿಕೊಳ್ಳುತ್ತದೆ. ಅಂಥ ಬಿರುಕುಗಳನ್ನು ಗುರುತಿಸಿ, ಯಾವ ಮೂಲೆಯಲ್ಲಿವೆ ಎಂದು ಬರೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಸುಡದ ಮಣ್ಣಿನ ಇಟ್ಟಿಗೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ತಕ್ಕ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಸಾಕು, ಸುಡಲು ಸೌದೆ ಬೇಡ. ಬರೀ ಎರೆಮಣ್ಣು ಇದಕ್ಕೆ ಒಗ್ಗದು. ಗರಸು, ಮರಳು ಬೆರೆಸಬೇಕು, ಇಲ್ಲವೇ ಸುಣ್ಣದ ಸಹಾಯ ಬೇಕು. ಮಹಾಲಿಂಗಪುರದ ಸುತ್ತ ಎಂಥ ಮಣ್ಣು ಎಲ್ಲಿ ಸಿಗುತ್ತದೆ ಎಂಬ ಒಂದು ಸಣ್ಣ ಪಟ್ಟಿಯೂ ಉಪಯುಕ್ತ ಸಂಶೋಧನೆಯೇ. ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು, ಜೇಡಿ ಕೊನೆಗೆ ಪದರ ಪದರವಾಗಿ ಕೂಡುತ್ತದೆ. ಪರೀಕ್ಷೆಯನ್ನು ಅಲ್ಲಿಂದ ಆರಂಭಿಸಬಹುದು.

ಇನ್ನು, ಕೂಡಿ ಬಾಳುವ ಕಟ್ಟಡದಲ್ಲಿ ಎಂಜಿನಿಯರುಗಳು ಮರೆಯುವ ಪ್ರಶ್ನೆ ಒಂದಿದೆ. ಸೋರುವ ಚಾವಣಿಯನ್ನು ಯಾರು ದುರಸ್ತಿ ಮಾಡಿಸಬೇಕು? ಬೆಂಗಳೂರಿನ ಈಜಿಪುರದಲ್ಲಿ ಬಡವರಿಗಾಗಿ ಕಟ್ಟಿದ ಬಹುಅಂತಸ್ತಿನ ವಸತಿಗೃಹಗಳು ಎರಡು ದಶಕ ತುಂಬುವ ಮೊದಲೇ ಶಿಥಿಲವಾದವು, ಕೆಲವು ಕುಸಿದವು. 2013ರ ಜನವರಿಯಲ್ಲಿ ಅಲ್ಲಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ ನೂರಾರು ಸಂಸಾರಗಳು ಬೀದಿಗೆ ಬಂದವು. ತನ್ನ ಮಾಳಿಗೆಗೆ ತಾನೇ ಮಣ್ಣು ಹಾಕುವವನಿಗೆ ಇರುವ ಎಚ್ಚರ ಎಲ್ಲರಿಗೂ ಸೇರಿದ ಚಾವಣಿಯ ವಿಷಯದಲ್ಲಿ ಇರುವುದು ಕಷ್ಟ. ಆದ್ದರಿಂದ ನಿಮ್ಮ ನಕ್ಷೆಯಲ್ಲಿ ಪ್ರತಿಯೊಂದು ಕೊಳವೆ, ಪ್ರತಿಯೊಂದು ಮೆಟ್ಟಿಲಿನ ಮುಂದೆ ‘ಇದು ಯಾರದು?’ ಎಂದು ಬರೆಯಿರಿ. ಉತ್ತರ ಸಿಗದ ಕಡೆ ವಿನ್ಯಾಸವನ್ನೇ ಬದಲಿಸಿ. ಉದ್ದುದ್ದ ಕೊಯ್ದ ಮನೆಯನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಚಾವಣಿಗೆ ಒಡೆಯ ಯಾರೆಂಬುದು ಗೊತ್ತಿರುತ್ತದೆ.

ಮನೆಗಳಿಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಹುಡುಗರ ತಂಡದಲ್ಲಿ ಹುಡುಗಿಯರೂ ಇರಲಿ. ಅಡುಗೆಮನೆಯ ಅಳತೆ ಗಂಡಸರ ಬಾಯಿಂದ ಸರಿಯಾಗಿ ಬರುವುದಿಲ್ಲ. ಕಾಕಾ, ಆಯಿ ಎಂದು ಮಾತನಾಡಿಸಿ, ಮೊದಲ ದಿನ ಏನೂ ಬರೆದುಕೊಳ್ಳದೆ ಕುಳಿತು ಬನ್ನಿ. ಆದಾಯ ಎಷ್ಟೆಂದು ಮೊದಲೇ ಕೇಳಿದರೆ ಸಾಲದ ಕಚೇರಿಯವರು ಬಂದರೆಂದು ತಿಳಿದಾರು. ಬದಲಾಗಿ, ಮದುವೆ ಮನೆಯಾದಾಗ ನೆಂಟರು ಎಲ್ಲಿ ಮಲಗಿದರು ಎಂದು ಕೇಳಿ ನೋಡಿ. ಮನೆಯ ಸಣ್ಣತನವೂ ಹಿರಿತನವೂ ಆ ಒಂದು ಉತ್ತರದಲ್ಲಿ ಹೊರಬೀಳುತ್ತವೆ. ಮಗ್ಗ ನಡೆಯುವ ಹೊತ್ತಿನಲ್ಲಿ ಅಳತೆಗೆ ಹೋಗಿ ಕೆಲಸ ನಿಲ್ಲಿಸಬೇಡಿ, ಅವರಿಗೆ ಅದು ಕೂಲಿಯ ಹೊತ್ತು.

ಕೊನೆಯ ವಾರ ನಿಮ್ಮ ಹೊಸ ಮನೆಯ ನಕ್ಷೆಯನ್ನು ಓಣಿಯ ನೆಲದ ಮೇಲೆ ಸುಣ್ಣದಲ್ಲಿ ನಿಜವಾದ ಅಳತೆಯಲ್ಲಿಯೇ ಬರೆಯಿರಿ. ಕಾಗದದ ನಕ್ಷೆ ಓದಲು ಬಾರದವರಿಗೂ ಸುಣ್ಣದ ಗೆರೆಯೊಳಗೆ ನಿಂತರೆ ಎಲ್ಲವೂ ತಿಳಿಯುತ್ತದೆ. ಇಲ್ಲಿ ಹಾಸಿಗೆ ಹಿಡಿಸದು, ಬಾಗಿಲು ಆ ಕಡೆ ಇರಲಿ, ಕಂಡಿಕೆ ಸುತ್ತಲು ಈ ಮೂಲೆ ಕತ್ತಲು ಎಂದು ಅವರೇ ತಿದ್ದುತ್ತಾರೆ. ತಿದ್ದಿದ್ದನ್ನೆಲ್ಲ ಬರೆದುಕೊಳ್ಳಿ. ನೀವು ಅಳೆದ ಪ್ರತಿ ಮನೆಯ ನಕ್ಷೆಯ ಒಂದು ಪ್ರತಿಯನ್ನು ಆ ಮನೆಯವರಿಗೇ ಕೊಡಿ. ನಾಳೆ ದುರಸ್ತಿಗೋ ಸಾಲದ ಅರ್ಜಿಗೋ ಅದು ಅವರಿಗೆ ಬೇಕಾದೀತು. ಇನ್ನೊಂದು ಪ್ರತಿ ಪುರಸಭೆಗೆ, ಮತ್ತೊಂದು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೋಗಲಿ. ಮುಂದಿನ ಬೇಸಿಗೆಯಲ್ಲಿ ಬರುವ ತಂಡ ಅಳೆದ ಮನೆಗಳನ್ನೇ ಮತ್ತೆ ಅಳೆಯದೆ, ನೀವು ಬಿಟ್ಟ ಓಣಿಯಿಂದ ಆರಂಭಿಸಬಹುದು.